ಬಾಬ್‌ಸ್ಲೇ ರೇಸಿನ ಹಿಂದು ಮುಂದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾಲ್ಕು ವರ್ಷಕ್ಕೊಮ್ಮೆ ಚಳಿಗಾಲದ ಒಲಿಂಪಿಕ್ಸ್ ಬಂದಾಗ ಮಾತ್ರ ಬಾಬ್‌ಸ್ಲೇ (ಮಂಜುಗಡ್ಡೆಯ ಇಳಿಜಾರು ಕಾಲುವೆಯಲ್ಲಿ ಜಾರುಬಂಡಿ, ಅಂದರೆ ಸ್ಲೆಡ್, ಓಡಿಸುವ ಆಟ) ನೋಡುವವರೇ ಜಾಸ್ತಿ. ಒಂದು ನಿಮಿಷದಲ್ಲಿ ಓಟ ಮುಗಿದುಹೋಗುತ್ತದೆ, ಪ್ರಶ್ನೆಗಳು ಮಾತ್ರ ಉಳಿಯುತ್ತವೆ. ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ. ನೀವು ಯಾವ ಪ್ರಶ್ನೆಯಿಂದ ಬೇಕಾದರೂ ಓದಲು ಶುರು ಮಾಡಬಹುದು. ಆದರೆ ಎಲ್ಲಿಂದ ಶುರು ಮಾಡಿದರೂ ಮಾತು ಕೊನೆಗೆ ಟ್ರ್ಯಾಕ್ ಹತ್ತಿರವೇ ಬರುತ್ತದೆ. ಈ ಆಟದಲ್ಲಿ ಯಾರು ಗೆಲ್ಲುತ್ತಾರೆ, ಯಾವ ದೇಶ ಆಡುತ್ತದೆ, ಆಟ ಎಷ್ಟು ದಿನ ಉಳಿಯುತ್ತದೆ ಎಂಬುದೆಲ್ಲ ಆ ಮಂಜುಗಡ್ಡೆಯ ಕಾಲುವೆಯ ಮೇಲೆ ನಿಂತಿದೆ.

ಬಾಬ್‌ಸ್ಲೇ, ಲ್ಯೂಜ್, ಸ್ಕೆಲೆಟನ್ ಎಲ್ಲಾ ಒಂದೇ ಅಲ್ವಾ?

ಟ್ರ್ಯಾಕ್ ಒಂದೇ, ಆಟ ಬೇರೆ. ಲ್ಯೂಜ್‌ನಲ್ಲಿ ಅಂಗಾತ ಮಲಗಿ ಕಾಲು ಮುಂದೆ ಮಾಡಿ ಜಾರುತ್ತಾರೆ. ಸ್ಕೆಲೆಟನ್‌ನಲ್ಲಿ ಬೋರಲು ಮಲಗಿ ತಲೆ ಮುಂದೆ. ಬಾಬ್‌ಸ್ಲೇಯಲ್ಲಿ ಮುಚ್ಚಿದ ಮೂತಿಯ ಸ್ಲೆಡ್ಡಿನೊಳಗೆ ಕೂತು ಹೋಗುತ್ತಾರೆ. ಮೂರರಲ್ಲೂ ಸ್ಲೆಡ್ ಅತಿ ಭಾರವಿರುವುದು, ಅತಿ ದುಬಾರಿಯಾಗಿರುವುದು ಬಾಬ್‌ಸ್ಲೇಯಲ್ಲೇ. ಒಳ್ಳೆ ಟ್ರ್ಯಾಕ್‌ನಲ್ಲಿ ವೇಗ ಗಂಟೆಗೆ 150 ಕಿ.ಮೀ. ಆಸುಪಾಸು ಹೋಗುತ್ತದೆ.

ಇದನ್ನು ಶುರು ಮಾಡಿದ್ದು ಯಾರು?

ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ಗೆ ಬಂದಿದ್ದ ಪ್ರವಾಸಿಗರು. ಅವರಿಗೆ ಕೈಯಲ್ಲಿ ದುಡ್ಡಿತ್ತು, ಮಾಡಲು ಕೆಲಸವಿರಲಿಲ್ಲ.

ಅಲ್ಲಿನ ಹೋಟೆಲ್ ಮಾಲೀಕ ಜೊಹಾನೆಸ್ ಬದ್ರುಟ್ 1860ರ ದಶಕದಲ್ಲಿ ತನ್ನ ಇಂಗ್ಲಿಷ್ ಅತಿಥಿಗಳನ್ನು ಚಳಿಗಾಲದಲ್ಲೂ ಬಂದು ಉಳಿಯಲು ಒಪ್ಪಿಸಿದ. ಅಲ್ಲಿಯವರೆಗೆ ಬೆಟ್ಟದ ಊರು ಅಂದರೆ ಬೇಸಿಗೆಗೆ ಮಾತ್ರ. ಬಂದವರು ಎಷ್ಟು ದಿನ ಅಂತ ಕಿಟಕಿಯಿಂದ ಹಿಮ ನೋಡುತ್ತಾ ಕೂರುತ್ತಾರೆ? ಸಾಮಾನು ಸಾಗಿಸುವ ಸ್ಲೆಡ್‌ಗಳನ್ನು ಎತ್ತಿಕೊಂಡು ಊರಿನ ಇಳಿಜಾರು ಬೀದಿಗಳಲ್ಲೇ ಜಾರತೊಡಗಿದರು. ಮೊದಮೊದಲು ಸ್ಲೆಡ್ ತಿರುಗಿಸುವ ದಾರಿಯೇ ಇರಲಿಲ್ಲ. ಆಮೇಲೆ ಅದನ್ನೂ ಕಂಡುಕೊಂಡರು, ವೇಗ ಹೆಚ್ಚಿತು. ಬೀದಿಯಲ್ಲಿ ನಡೆಯುವವರಿಗೆ ಪ್ರಾಣಸಂಕಟ. ಜಗಳ ಬೇಡ ಎಂದು ಅವನ ಮಗ ಕಾಸ್ಪರ್ ಬದ್ರುಟ್ ಜಾರುವವರಿಗೇ ಬೇರೆ ದಾರಿ ಮಾಡಿಸಿಕೊಟ್ಟ.

1897ರಲ್ಲಿ ಅಲ್ಲೇ ಮೊದಲ ಬಾಬ್‌ಸ್ಲೇ ಕ್ಲಬ್ ಹುಟ್ಟಿತು. 1904ರಲ್ಲಿ ಬಾಬ್‌ಸ್ಲೇಗಾಗಿಯೇ ಒಂದು ಟ್ರ್ಯಾಕ್ ಬಂತು. ಸೇಂಟ್ ಮೊರಿಟ್ಜ್‌ನಿಂದ ಕೆಳಗಿನ ಚೆಲೆರಿನಾದವರೆಗೆ ಇಳಿಯುವ ಆ ಟ್ರ್ಯಾಕ್ ಇವತ್ತಿಗೂ ಇದೆ. ಇದೆ ಅಂದರೆ, ಪ್ರತಿ ಚಳಿಗಾಲ ಹೊಸದಾಗಿ ಹುಟ್ಟುತ್ತದೆ. ಕೆಲಸಗಾರರು ಹಿಮ ಮತ್ತು ನೀರನ್ನೇ ಬಳಸಿ, ಕೈಯಿಂದಲೇ ಕೆತ್ತಿ ಸುಮಾರು 1,722 ಮೀಟರ್ ಉದ್ದದ ಕಾಲುವೆ ಕಟ್ಟುತ್ತಾರೆ. ಬೇಸಿಗೆ ಹತ್ತಿರ ಬಂದರೆ ಕರಗಿ ಹೋಗುತ್ತದೆ. ದೊಡ್ಡ ಸ್ಪರ್ಧೆಗಳು ನಡೆಯುವ ಟ್ರ್ಯಾಕ್‌ಗಳಲ್ಲಿ ಯಂತ್ರದಿಂದ ತಂಪು ಮಾಡದೆ ಇರುವುದು ಇದೊಂದೇ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೆಳಗೆ ಬೇಕಾಗುತ್ತದೆ.

ಒಲಿಂಪಿಕ್ಸ್‌ಗೆ ಯಾವಾಗ ಸೇರಿತು?

ಮೊದಲ ಚಳಿಗಾಲದ ಒಲಿಂಪಿಕ್ಸ್‌ನಲ್ಲೇ, ಅಂದರೆ 1924ರಲ್ಲಿ ಫ್ರಾನ್ಸಿನ ಶಮೊನಿಯಲ್ಲಿ. ಆಟದ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು ಅದರ ಹಿಂದಿನ ವರ್ಷ. ಆಗ ಇದ್ದದ್ದು ನಾಲ್ಕೈದು ಜನ ಕೂರುವ ದೊಡ್ಡ ಸ್ಲೆಡ್ಡಿನ ಸ್ಪರ್ಧೆ ಮಾತ್ರ, ಮೊದಲ ಚಿನ್ನ ಸ್ವಿಟ್ಜರ್ಲೆಂಡಿಗೆ. 1928ರಲ್ಲಿ ಐದು ಜನ ಕೂತು ಓಡಿಸಿದರು. ಇಬ್ಬರ ಸ್ಪರ್ಧೆ ಸೇರಿದ್ದು 1932ರಲ್ಲಿ, ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ.

ಆ ಕಾಲದ ಇಬ್ಬರ ಬಗ್ಗೆ ಹೇಳಲೇಬೇಕು. 1928ರಲ್ಲಿ ಗೆದ್ದ ಅಮೆರಿಕದ ಸ್ಲೆಡ್ ಓಡಿಸಿದ ಬಿಲ್ಲಿ ಫಿಸ್ಕ್‌ಗೆ ಆಗ ಬರೀ 16 ವರ್ಷ. 1932ರಲ್ಲೂ ಅವನೇ ಗೆದ್ದ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆ ಸೇರಿ 1940ರಲ್ಲಿ ತೀರಿಕೊಂಡ. 1932ರಲ್ಲಿ ಅವನ ಸ್ಲೆಡ್ಡಿನಲ್ಲಿ ಕೂತಿದ್ದವರಲ್ಲಿ ಎಡ್ಡಿ ಈಗನ್ ಒಬ್ಬ. 1920ರ ಒಲಿಂಪಿಕ್ಸ್‌ನಲ್ಲಿ ಬಾಕ್ಸಿಂಗ್ ಚಿನ್ನ ಗೆದ್ದಿದ್ದವನು. ಬೇಸಿಗೆ ಮತ್ತು ಚಳಿಗಾಲದ ಒಲಿಂಪಿಕ್ಸ್ ಎರಡರಲ್ಲೂ ಬೇರೆ ಬೇರೆ ಆಟದಲ್ಲಿ ಚಿನ್ನ ಗೆದ್ದವನು ಅವನೊಬ್ಬನೇ.

ಅಲ್ಲಿಂದ ಮುಂದೆ ಬಾಬ್‌ಸ್ಲೇ ಒಂದೇ ಒಂದು ಸಲ ತಪ್ಪಿಹೋಯಿತು, 1960ರ ಸ್ಕ್ವಾ ವ್ಯಾಲಿ ಒಲಿಂಪಿಕ್ಸ್‌ನಲ್ಲಿ. ಬರುವ ತಂಡಗಳೇ ಕಡಿಮೆ, ಅದಕ್ಕಾಗಿ ಇಷ್ಟು ದುಡ್ಡು ಸುರಿದು ಟ್ರ್ಯಾಕ್ ಯಾಕೆ ಕಟ್ಟಬೇಕು ಎಂದು ಸಂಘಟಕರು ಕೈಬಿಟ್ಟರು. ಟ್ರ್ಯಾಕ್ ಖರ್ಚಿನ ತಕರಾರು ಇವತ್ತಿನದಲ್ಲ.

ಭಾರ ಜಾಸ್ತಿ ಇದ್ದರೆ ವೇಗ ಜಾಸ್ತಿ ಅಂತಾರೆ, ನಿಜಾನಾ?

ನಿಜ. ಭೂಮಿ ಎಲ್ಲವನ್ನೂ ಒಂದೇ ವೇಗದಲ್ಲಿ ಕೆಳಗೆಳೆಯುತ್ತದೆ ಎಂದು ಶಾಲೆಯಲ್ಲಿ ಓದಿರುತ್ತೀರಿ. ಆದರೆ ಇಲ್ಲಿ ಎದುರಿಗೆ ಗಾಳಿ ಇದೆ. ಒಂದೇ ಆಕಾರದ ಎರಡು ಸ್ಲೆಡ್‌ಗಳನ್ನು ಗಾಳಿ ಒಂದೇ ಬಲದಿಂದ ತಡೆಯುತ್ತದೆ. ಹಗುರ ಸ್ಲೆಡ್ಡಿಗೆ ಅದು ದೊಡ್ಡ ಪೆಟ್ಟು, ಭಾರದ ಸ್ಲೆಡ್ಡಿಗೆ ಸಣ್ಣದು.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಳಸಿಕೊಂಡಿದ್ದು 1952ರ ಓಸ್ಲೊ ಒಲಿಂಪಿಕ್ಸ್‌ಗೆ ಬಂದ ಜರ್ಮನಿ. ತನ್ನ ತಂಡಗಳಲ್ಲಿದ್ದ ದಢೂತಿ ಆಸಾಮಿಗಳನ್ನು ಆರಿಸಿ ಒಂದೇ ಸ್ಲೆಡ್ಡಿನಲ್ಲಿ ಕೂರಿಸಿತು. ಆಂಡ್ರಿಯಾಸ್ ಓಸ್ಟ್ಲರ್ ಎರಡೂ ಸ್ಪರ್ಧೆ ಗೆದ್ದ. ಆ ಕೂಟದ ನಂತರ ಸ್ಲೆಡ್ ಮತ್ತು ಜನ ಸೇರಿ ಇಷ್ಟೇ ತೂಕ ಇರಬೇಕು ಎಂಬ ಮಿತಿ ಜಾರಿಗೆ ಬಂತು. ಈಗ ಪುರುಷರ ನಾಲ್ವರ ಸ್ಪರ್ಧೆಗೆ ಒಟ್ಟು 630 ಕೆ.ಜಿ., ಇಬ್ಬರ ಸ್ಪರ್ಧೆಗೆ 390 ಕೆ.ಜಿ. ಕಡಿಮೆ ಬಿದ್ದರೆ ಸ್ಲೆಡ್ಡಿಗೆ ತೂಕ ಸೇರಿಸಿಕೊಳ್ಳಬಹುದು.

ನನ್ನ ಪ್ರಕಾರ ಈ ಆಟದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ನಿಯಮ ಬಂದಿಲ್ಲ. ತೂಕದ ಲಾಭ ಹೋಯಿತು, ಹಾಗಾಗಿ ಕಾಲಿನ ಬಲಕ್ಕೆ ಬೆಲೆ ಬಂತು. ಸುಮ್ನೆ ಕೂತು ಭಾರ ಹಾಕುತ್ತಿದ್ದವರ ಜಾಗಕ್ಕೆ ಓಟಗಾರರು ಬಂದರು.

ಶುರುವಿನ ಆ ತಳ್ಳಾಟ ಅಷ್ಟೊಂದು ಮುಖ್ಯನಾ?

ಹೌದು. ಸ್ಲೆಡ್ಡಿಗೆ ಎಂಜಿನ್ ಇಲ್ಲ. ತಂಡ ತಾನಾಗಿ ಕೊಡುವ ವೇಗ ಅಂದರೆ ಮೊದಲ 50 ಮೀಟರ್‌ನಲ್ಲಿ ತಳ್ಳಿ ಕೊಟ್ಟಿದ್ದೇ. ಉಳಿದದ್ದು ಇಳಿಜಾರಿನ ಕೊಡುಗೆ. ನಾಲ್ವರ ಒಳ್ಳೆ ತಂಡ ಈ ದೂರವನ್ನು 5 ಸೆಕೆಂಡಿನೊಳಗೇ ಮುಗಿಸುತ್ತದೆ. ಖಾಲಿ ಸ್ಲೆಡ್ಡೇ 200 ಕೆ.ಜಿ. ದಾಟುತ್ತದೆ, ಕಾಲ ಕೆಳಗೆ ಮಂಜುಗಡ್ಡೆ, ಬೂಟಿನ ತಳದಲ್ಲಿ ಸಣ್ಣ ಸಣ್ಣ ಮೊಳೆಗಳು. ಓಡುತ್ತಲೇ ಒಬ್ಬೊಬ್ಬರಾಗಿ ಒಳಗೆ ಹಾರಬೇಕು. ಮೊದಲು ಪೈಲಟ್ (ಸ್ಲೆಡ್ ಓಡಿಸುವವನು), ಕೊನೆಗೆ ಬ್ರೇಕ್‌ಮ್ಯಾನ್ (ಬ್ರೇಕ್ ಹಾಕುವವನು). ಯಾರದ್ದಾದರೂ ಕಾಲು ಇನ್ನೊಬ್ಬರಿಗೆ ತೊಡರಿದರೆ ಆ ದಿನದ ಕಥೆ ಮುಗಿಯಿತು.

ಮೇಲೆ ಕಳೆದುಕೊಂಡ ಒಂದು ಹತ್ತಾಂಶ ಸೆಕೆಂಡು ಕೆಳಗೆ ಬರುವಷ್ಟರಲ್ಲಿ ಮೂರು ಹತ್ತಾಂಶ ಆಗಿರುತ್ತದೆ ಎಂಬುದು ಕೋಚ್‌ಗಳ ಹಳೇ ಲೆಕ್ಕ. ಗೆಲುವು ಸೋಲು ನಿರ್ಧಾರವಾಗುವುದೇ ನೂರನೇ ಒಂದು ಸೆಕೆಂಡಿನಲ್ಲಿ. ಅಂಥ ಕಡೆ ಇದು ಸಣ್ಣ ಮಾತಲ್ಲ.

ಅದಕ್ಕೇ ತಂಡಗಳು ಅಥ್ಲೆಟಿಕ್ಸ್ ಮೈದಾನದ ಕಡೆ ಕಣ್ಣಿಟ್ಟಿರುತ್ತವೆ. 2004ರ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಬೆಳ್ಳಿ, 2012ರಲ್ಲಿ ರಿಲೇ ಚಿನ್ನ ಗೆದ್ದ ಅಮೆರಿಕದ ಲಾರಿನ್ ವಿಲಿಯಮ್ಸ್ 2014ರಲ್ಲಿ ಬಾಬ್‌ಸ್ಲೇ ಬೆಳ್ಳಿ ಗೆದ್ದರು. ಜರ್ಮನಿಯ ಅಲೆಕ್ಸಾಂಡ್ರಾ ಬುರ್ಗಾರ್ಟ್ 2022ರಲ್ಲಿ ಬಾಬ್‌ಸ್ಲೇ ಬೆಳ್ಳಿ ತಗೊಂಡು, 2024ರ ಪ್ಯಾರಿಸ್‌ನಲ್ಲಿ ರಿಲೇ ಕಂಚನ್ನೂ ತಗೊಂಡರು.

ಒಳಗೆ ಕೂತ ಮೇಲೆ ಏನು ಮಾಡ್ತಾರೆ? ಸ್ಟೀರಿಂಗ್ ಇದೆಯಾ?

ಚಕ್ರದಂಥ ಸ್ಟೀರಿಂಗ್ ಇಲ್ಲ. ಪೈಲಟ್ ಕೈಯಲ್ಲಿ ಎರಡು ಹಿಡಿಗಳಿರುತ್ತವೆ. ಅವುಗಳಿಂದ ಹೊರಟ ಹಗ್ಗ ಮುಂದಿನ ರನ್ನರ್‌ಗಳನ್ನು ಎಡಕ್ಕೋ ಬಲಕ್ಕೋ ಕೊಂಚ ತಿರುಗಿಸುತ್ತದೆ. ರನ್ನರ್ ಅಂದರೆ ಸ್ಲೆಡ್ಡಿನ ಕೆಳಗಿರುವ ಉಕ್ಕಿನ ಪಟ್ಟಿ. ಮಂಜುಗಡ್ಡೆ ಮುಟ್ಟುವುದು ಅದೊಂದೇ.

ತಿರುಗಿಸಿದಷ್ಟೂ ರನ್ನರ್ ಮಂಜನ್ನು ಕೊರೆಯುತ್ತದೆ, ವೇಗ ಕಡಿಮೆಯಾಗುತ್ತದೆ. ಹಾಗಾಗಿ ಒಳ್ಳೆ ಪೈಲಟ್ ಕೈ ಆಡಿಸುವುದೇ ಕಡಿಮೆ. ತಿರುವಿಗೆ ಯಾವ ಎತ್ತರದಲ್ಲಿ ನುಗ್ಗಬೇಕು, ಎಲ್ಲಿ ಬಿಟ್ಟುಬಿಡಬೇಕು ಎಂಬುದೆಲ್ಲ ಮೊದಲೇ ಬಾಯಿಪಾಠ ಆಗಿರಬೇಕು. ರೇಸಿಗೆ ಮುಂಚೆ ಪೈಲಟ್‌ಗಳು ಟ್ರ್ಯಾಕ್ ಉದ್ದಕ್ಕೂ ನಡೆದು ನೋಡುತ್ತಾರೆ. ಕಣ್ಣು ಮುಚ್ಚಿ ನಿಂತು ಗಾಳಿಯಲ್ಲೇ ಕೈ ಆಡಿಸುವುದನ್ನು ಟೀವಿಯಲ್ಲಿ ನೋಡಿರಬಹುದು. ಅದು ಪ್ರಾರ್ಥನೆಯಲ್ಲ, ಹದಿನೈದಿಪ್ಪತ್ತು ತಿರುವುಗಳನ್ನು ಮನಸ್ಸಿನಲ್ಲೇ ಓಡಿಸುತ್ತಿರುತ್ತಾರೆ.

ಉಳಿದವರು ತಲೆ ತಗ್ಗಿಸಿ, ಗಾಳಿಗೆ ಸಿಗದಂತೆ ಮುದುಡಿ ಕೂರುತ್ತಾರೆ. ತಿರುವುಗಳಲ್ಲಿ ಮೈಮೇಲೆ ತಮ್ಮದೇ ತೂಕದ ಐದು ಪಟ್ಟಿನವರೆಗೂ ಒತ್ತಡ ಬೀಳುತ್ತದೆ. ಬ್ರೇಕ್ ಹಾಕುವುದು ಗೆರೆ ದಾಟಿದ ಮೇಲೇ. ನಡುವೆ ಹಾಕಿದರೆ ಅದರ ಹಲ್ಲುಗಳು ಟ್ರ್ಯಾಕನ್ನೇ ಹಾಳು ಮಾಡುತ್ತವೆ.

ಅಮೆರಿಕದ ಪೈಲಟ್ ಸ್ಟೀವನ್ ಹಾಲ್ಕಂಬ್ ಕಥೆ ಇಲ್ಲಿ ಹೇಳಬೇಕು. ಕಾರ್ನಿಯಾ ತೆಳುವಾಗುವ ಕಾಯಿಲೆಯಿಂದ ಅವನ ದೃಷ್ಟಿ ಬಹುತೇಕ ಹೋಗಿತ್ತು. ಆದರೂ ಸ್ಲೆಡ್ಡಿನ ಅದುರು, ಮೈಮೇಲಿನ ಒತ್ತಡ ನೋಡಿಕೊಂಡೇ ಓಡಿಸುತ್ತಿದ್ದ. 2008ರಲ್ಲಿ ಕಣ್ಣೊಳಗೆ ಲೆನ್ಸ್ ಇಟ್ಟು ಶಸ್ತ್ರಚಿಕಿತ್ಸೆ ಆಯಿತು. ಎಲ್ಲಾ ಸ್ಪಷ್ಟವಾಗಿ ಕಂಡಿದ್ದೇ ತೊಂದರೆಯಾಯಿತು! ಕಣ್ಣಿಗೆ ಕಂಡಿದ್ದಕ್ಕೆಲ್ಲ ಕೈ ಓಡತೊಡಗಿತು. ಕೊನೆಗೆ ಹೆಲ್ಮೆಟ್ಟಿನ ಗಾಜನ್ನು ಬೇಕಂತಲೇ ಗೀರಿ ಮಸುಕು ಮಾಡಿಕೊಂಡ. 2010ರಲ್ಲಿ ನಾಲ್ವರ ಚಿನ್ನ ಗೆದ್ದ. ಅಮೆರಿಕಕ್ಕೆ ಆ ಸ್ಪರ್ಧೆಯಲ್ಲಿ 62 ವರ್ಷದ ಮೇಲೆ ಬಂದ ಚಿನ್ನ ಅದು.

ಸ್ಲೆಡ್ಡಿನಲ್ಲಿ ಅಷ್ಟೊಂದು ತಂತ್ರಜ್ಞಾನ ಏನಿದೆ?

ಮೊದಲು ಮರ, ಆಮೇಲೆ ಉಕ್ಕು, ಈಗ ಉಕ್ಕಿನ ಅಸ್ಥಿಪಂಜರದ ಮೇಲೆ ಕಾರ್ಬನ್ ಫೈಬರ್ ಹೊದಿಕೆ. ಹೊರಗೆ ನೋಡಲು ಒಂದೇ ತುಂಡಿನಂತಿದ್ದರೂ ಮುಂದಿನ ಭಾಗ, ಹಿಂದಿನ ಭಾಗ ಬೇರೆ ಬೇರೆ. ನಡುವೆ ಒಂದು ಕೀಲು. ತಿರುವಿನಲ್ಲಿ ನಾಲ್ಕೂ ರನ್ನರ್ ಮಂಜಿಗೆ ಅಂಟಿರಲು ಇದು ಬೇಕು.

ಜರ್ಮನಿಯ ಸ್ಲೆಡ್‌ಗಳ ಹಿಂದೆ ಬರ್ಲಿನ್ನಿನ ಒಂದು ಸರ್ಕಾರಿ ಬೆಂಬಲದ ಕ್ರೀಡಾ ಎಂಜಿನಿಯರಿಂಗ್ ಸಂಸ್ಥೆ ಇದೆ. ಬಿಎಂಡಬ್ಲ್ಯು ಅಮೆರಿಕಕ್ಕೆ, ಫೆರಾರಿ ಇಟಲಿಗೆ ಕೈಜೋಡಿಸಿದ್ದೂ ಉಂಟು. ಕಾರ್ ರೇಸರ್ ಜೆಫ್ ಬೊಡೈನ್ 1990ರ ದಶಕದಲ್ಲಿ ಅಮೆರಿಕದ ತಂಡಕ್ಕಾಗಿ ಸ್ಲೆಡ್ ಕಟ್ಟುವ ಯೋಜನೆಯನ್ನೇ ಶುರು ಮಾಡಿದ. ಹಾಲ್ಕಂಬ್ ಗೆದ್ದಿದ್ದು ಅಲ್ಲಿಂದ ಬಂದ ಸ್ಲೆಡ್ಡಿನಲ್ಲೇ.

ನಿಯಮಗಳೂ ಅಷ್ಟೇ ಬಿಗಿ. ರನ್ನರ್ ಬಿಸಿ ಇದ್ದರೆ ಮಂಜು ಕರಗಿ ಸಲೀಸಾಗಿ ಜಾರುತ್ತದೆ. ಹಾಗಾಗಿ ಓಟಕ್ಕೆ ಮುಂಚೆ ರನ್ನರಿನ ಉಷ್ಣತೆ ಅಳೆಯುತ್ತಾರೆ. ಹೊರಗೆ ತೂಗುಹಾಕಿದ ಮಾದರಿ ರನ್ನರ್‌ಗಿಂತ ಬಹಳ ಬಿಸಿ ಇದ್ದರೆ ತಂಡ ಹೊರಗೆ. ಉಕ್ಕನ್ನೂ ಈಗ ಎಲ್ಲರೂ ಒಂದೇ ಕಡೆಯಿಂದ ತರಬೇಕು.

ಎದುರಾಳಿಗೆ ಬೋಲ್ಟ್ ಬಿಚ್ಚಿಕೊಟ್ಟ ಕಥೆ ನಿಜವಾ?

ನಿಜ. 1964ರ ಒಲಿಂಪಿಕ್ಸ್, ಆಸ್ಟ್ರಿಯಾದ ಇನ್ಸ್‌ಬ್ರುಕ್. ಬ್ರಿಟನ್ನಿನ ಟೋನಿ ನ್ಯಾಶ್ ಮತ್ತು ರಾಬಿನ್ ಡಿಕ್ಸನ್ ಸ್ಲೆಡ್ಡಿನ ಹಿಂದಿನ ಅಚ್ಚಿನ ಬೋಲ್ಟ್ ಮುರಿದುಹೋಯಿತು. ಇಟಲಿಯ ಯುಜೇನಿಯೊ ಮೊಂಟಿ ಆಗಿನ ಕಾಲದ ದೊಡ್ಡ ಚಾಂಪಿಯನ್. ತನ್ನ ಓಟ ಮುಗಿಸಿ ತನ್ನ ಸ್ಲೆಡ್ಡಿನ ಬೋಲ್ಟ್ ಬಿಚ್ಚಿ ಅವರಿಗೆ ಕೊಟ್ಟ. ಅವರು ಚಿನ್ನ ಗೆದ್ದರು, ಅವನಿಗೆ ಕಂಚು. ಕ್ರೀಡಾ ಮನೋಭಾವಕ್ಕೆ ಕೊಡುವ ಪಿಯರ್ ದ ಕುಬರ್ತಾ ಪದಕ ಮೊದಲು ಸಿಕ್ಕಿದ್ದು ಅವನಿಗೆ. ನಾಲ್ಕು ವರ್ಷದ ನಂತರ, 40ನೇ ವಯಸ್ಸಿನಲ್ಲಿ ಇಬ್ಬರ ಚಿನ್ನ, ನಾಲ್ವರ ಚಿನ್ನ ಎರಡನ್ನೂ ಗೆದ್ದ. ಇಟಲಿಯ ಕೊರ್ಟಿನಾದ ಟ್ರ್ಯಾಕ್‌ಗೆ ಅವನದೇ ಹೆಸರು.

ಇಬ್ಬರ ಸಮಯ ಸರಿಸಮ ಬಂದರೆ?

ಈಗ ಇಬ್ಬರಿಗೂ ಪದಕ. ಮೊದಲು ಹಾಗಿರಲಿಲ್ಲ. 1968ರಲ್ಲಿ ಮೊಂಟಿ ಮತ್ತು ಪಶ್ಚಿಮ ಜರ್ಮನಿಯ ಹೋರ್ಸ್ಟ್ ಫ್ಲೋಟ್ ನಾಲ್ಕು ಓಟ ಸೇರಿ ಒಂದೇ ಸಮಯದಲ್ಲಿ ಮುಗಿಸಿದ್ದರು. ಒಂದೇ ಓಟದಲ್ಲಿ ಯಾರು ಹೆಚ್ಚು ವೇಗ ತೋರಿದ್ದಾರೆ ಎಂದು ನೋಡಿ ಚಿನ್ನವನ್ನು ಮೊಂಟಿಗೆ ಕೊಟ್ಟರು. 1998ರಲ್ಲಿ ಕೆನಡಾ, ಇಟಲಿ ಸಮ ಬಂದಾಗ ಎರಡಕ್ಕೂ ಚಿನ್ನ. 2018ರಲ್ಲಿ ಮತ್ತೆ ಅದೇ ಆಯಿತು. ಕೆನಡಾ ಮತ್ತು ಜರ್ಮನಿ ಎರಡೂ 3 ನಿಮಿಷ 16.86 ಸೆಕೆಂಡ್.

ಜಮೈಕಾ ತಂಡ ಬರೀ ತಮಾಷೆಗೆ ಬಂದಿದ್ದಾ?

ಅಲ್ಲ. ಅವರ ಕಥೆಯ 'ಕೂಲ್ ರನ್ನಿಂಗ್ಸ್' ಸಿನಿಮಾ ನೋಡಿದವರಿಗೆ ಹಾಗನ್ನಿಸುವುದು ಸಹಜ. 1988ರ ಕ್ಯಾಲ್ಗರಿಯಲ್ಲಿ ಅವರ ನಾಲ್ವರ ಸ್ಲೆಡ್ ಮಗುಚಿದ್ದು, ಅದರ ಪಕ್ಕದಲ್ಲಿ ಅವರು ನಡೆದುಕೊಂಡು ಹೋಗಿದ್ದು ನಿಜ. ಆದರೆ ಅದಕ್ಕೆ ಮುಂಚೆ ಅವರ ತಳ್ಳುವ ವೇಗ ಚೆನ್ನಾಗಿಯೇ ಇತ್ತು. ಇಲ್ಲದ್ದು ಮಂಜಿನ ಮೇಲಿನ ಅನುಭವ. ಅದು ಬಂದ ಮೇಲೆ ಏನಾಯಿತು ನೋಡಿ. 1994ರಲ್ಲಿ, 1988ರ ಅದೇ ಪೈಲಟ್ ಡಡ್ಲಿ ಸ್ಟೋಕ್ಸ್ ಓಡಿಸಿದ ನಾಲ್ವರ ಸ್ಲೆಡ್ 14ನೇ ಸ್ಥಾನಕ್ಕೆ ಬಂತು, ಅಮೆರಿಕದವರಿಗಿಂತ ಮುಂದೆ.

2018ರಲ್ಲಿ ನೈಜೀರಿಯಾದ ಮಹಿಳೆಯರು ಬಂದರು. ಒಲಿಂಪಿಕ್ಸ್ ಬಾಬ್‌ಸ್ಲೇಯಲ್ಲಿ ಆಫ್ರಿಕಾದ ಮೊದಲ ತಂಡ ಅದು. ಪೈಲಟ್ ಸೆಯುನ್ ಅಡಿಗುನ್ 2012ರ ಒಲಿಂಪಿಕ್ಸ್‌ನಲ್ಲಿ ಹರ್ಡಲ್ಸ್ ಓಡಿದ್ದವರು. ಶುರುವಿನ ಅಭ್ಯಾಸಕ್ಕೆ ಮರದಲ್ಲಿ ತಾವೇ ಒಂದು ಸ್ಲೆಡ್ ಮಾಡಿಕೊಂಡಿದ್ದರು.

ಮಹಿಳೆಯರು 2002ರಲ್ಲಿ ಮೊದಲ ಸಲ ಓಡಿಸಿದ್ದಾ?

ಒಲಿಂಪಿಕ್ಸ್‌ನಲ್ಲಿ ಮೊದಲ ಸಲ, ಆಟದಲ್ಲಲ್ಲ. ಸೇಂಟ್ ಮೊರಿಟ್ಜ್‌ನ ಶುರುವಿನ ದಿನಗಳಲ್ಲಿ ಹೆಂಗಸರು ಗಂಡಸರ ಜೊತೆಗೇ ಸ್ಲೆಡ್ಡಿನಲ್ಲಿ ಕೂರುತ್ತಿದ್ದರು. ಆಮೇಲೆ ಆಟ ಗಂಭೀರವಾಯಿತು ಅನ್ನುವ ನೆಪದಲ್ಲಿ ಅವರನ್ನು ಹೊರಗಿಟ್ಟರು. 1940ರಲ್ಲಿ ಕ್ಯಾಥರಿನ್ ಡ್ಯೂಯಿ ಲೇಕ್ ಪ್ಲಾಸಿಡ್‌ನಲ್ಲಿ ಗಂಡಸರನ್ನೇ ಸೋಲಿಸಿ ಅಮೆರಿಕದ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಬಹುಮಾನವಾಗಿ ಸಿಕ್ಕಿದ್ದೇನು? ಮುಂದೆ ಹೆಂಗಸರು ಸ್ಪರ್ಧಿಸುವಂತಿಲ್ಲ ಎಂಬ ನಿಷೇಧ!

ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್ ಶುರುವಾಗಿದ್ದು 2000ದಲ್ಲಿ, ಒಲಿಂಪಿಕ್ಸ್ 2002ರಲ್ಲಿ, ಸಾಲ್ಟ್ ಲೇಕ್ ಸಿಟಿಯಲ್ಲಿ. ಅಮೆರಿಕದ ಜಿಲ್ ಬ್ಯಾಕನ್ ಮತ್ತು ವೊನೆಟಾ ಫ್ಲವರ್ಸ್ ಗೆದ್ದರು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಮೊದಲ ಕಪ್ಪು ಕ್ರೀಡಾಪಟು ಫ್ಲವರ್ಸ್. ಅವರೂ ಅಥ್ಲೆಟಿಕ್ಸ್‌ನಿಂದ ಬಂದವರೇ.

2022ರ ಬೀಜಿಂಗ್‌ನಲ್ಲಿ ಮಹಿಳೆಯರಿಗೆ ಎರಡನೇ ಸ್ಪರ್ಧೆ ಸಿಕ್ಕಿತು. ಮೊನೊಬಾಬ್, ಅಂದರೆ ಒಬ್ಬರೇ ತಳ್ಳಿ, ಒಬ್ಬರೇ ಓಡಿಸಿ, ಒಬ್ಬರೇ ಬ್ರೇಕ್ ಹಾಕುವುದು. ಮೊದಲ ಚಿನ್ನ ಕೈಲಿ ಹಂಫ್ರೀಸ್‌ಗೆ. 2010 ಮತ್ತು 2014ರಲ್ಲಿ ಕೆನಡಾಗೆ ಗೆದ್ದುಕೊಟ್ಟಿದ್ದವರು ಈ ಸಲ ಅಮೆರಿಕದ ಪರ ಇಳಿದಿದ್ದರು. 2016ರಲ್ಲಿ ನಾಲ್ವರೂ ಮಹಿಳೆಯರೇ ಇದ್ದ ತಂಡ ಕಟ್ಟಿಕೊಂಡು ಪುರುಷರ ವಿಶ್ವಕಪ್ ರೇಸಿನಲ್ಲಿ ಇಳಿದವರೂ ಇವರೇ.

ಮೊನೊಬಾಬ್ ಬಗ್ಗೆ ತಕರಾರೂ ಇದೆ. ನಾಲ್ವರ ಸ್ಪರ್ಧೆ ಮಹಿಳೆಯರಿಗೆ ಯಾಕಿಲ್ಲ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಮೊನೊಬಾಬ್‌ನಲ್ಲಿ ಒಂದು ಒಳ್ಳೆಯದಿದೆ. ಎಲ್ಲರಿಗೂ ಒಂದೇ ಮಾದರಿಯ ಸ್ಲೆಡ್. ಎಂಜಿನಿಯರ್‌ಗಳ ದಂಡು ಇಲ್ಲದ ಸಣ್ಣ ದೇಶದವರೂ ಒಬ್ಬರೇ ಹೋಗಿ ಸ್ಪರ್ಧಿಸಬಹುದು. ಆಟ ಹರಡಬೇಕು ಅಂದರೆ ಇದಕ್ಕಿಂತ ಸುಲಭದ ದಾರಿ ನನಗಂತೂ ಕಾಣುವುದಿಲ್ಲ.

ಜರ್ಮನಿಯೇ ಯಾಕೆ ಯಾವಾಗಲೂ ಗೆಲ್ಲುತ್ತೆ?

ಬೇರೆ ದೇಶಗಳು ಒಂದು ಟ್ರ್ಯಾಕ್‌ಗೆ ಪರದಾಡುವಾಗ ಜರ್ಮನಿ ನಾಲ್ಕು ಇಟ್ಟುಕೊಂಡಿತ್ತು: ಆಲ್ಟನ್‌ಬರ್ಗ್, ವಿಂಟರ್‌ಬರ್ಗ್, ಓಬರ್‌ಹೋಫ್, ಕೋನಿಗ್‌ಸೀ. ಜಗತ್ತಿನಲ್ಲಿ ಬಳಕೆಯಲ್ಲಿರುವ ಟ್ರ್ಯಾಕ್‌ಗಳೇ ಇಪ್ಪತ್ತನ್ನು ಮುಟ್ಟುವುದಿಲ್ಲ. ಪೂರ್ವ ಜರ್ಮನಿ 1970ರ ದಶಕದಲ್ಲೇ ಈ ಆಟವನ್ನು ವಿಜ್ಞಾನದಂತೆ ತಗೊಂಡಿತು. ಆಗಿನ ಅವರ ಹೀರೊ ಮೈನ್‌ಹಾರ್ಡ್ ನೇಮರ್ ಮೊದಲು ಜಾವೆಲಿನ್ ಎಸೆಯುತ್ತಿದ್ದವನು. ಎರಡು ಜರ್ಮನಿ ಒಂದಾದ ಮೇಲೆ ಪೂರ್ವದ ಜ್ಞಾನ, ಪಶ್ಚಿಮದ ದುಡ್ಡು ಎರಡೂ ಸೇರಿದವು. ಕ್ರೀಡಾಪಟುಗಳಿಗೆ ಸೈನ್ಯ, ಪೊಲೀಸ್ ಇಲಾಖೆಯಲ್ಲಿ ಕೆಲಸವೂ ಸಿಗುತ್ತದೆ.

ಫಲಿತಾಂಶ? 2022ರಲ್ಲಿ ನಾಲ್ಕರಲ್ಲಿ ಮೂರು ಚಿನ್ನ ಜರ್ಮನಿಗೆ. ಪುರುಷರ ಇಬ್ಬರ ಸ್ಪರ್ಧೆಯಲ್ಲಂತೂ ಚಿನ್ನ, ಬೆಳ್ಳಿ, ಕಂಚು ಮೂರೂ ಅವರದೇ. ಫ್ರಾನ್ಸೆಸ್ಕೊ ಫ್ರೀಡ್ರಿಕ್ 2018ರಲ್ಲೂ 2022ರಲ್ಲೂ ಎರಡೆರಡು ಚಿನ್ನ ಗೆದ್ದ. ಅದಕ್ಕೆ ಮುಂಚೆ ಯಾವ ಪೈಲಟ್ಟೂ ಮಾಡದ ಸಾಧನೆ. ನೋಡುವವರಿಗೆ ಬೇಜಾರಾಗುವಷ್ಟು ಗೆಲುವು ಆಟಕ್ಕೆ ಒಳ್ಳೆಯದಲ್ಲ ಎಂಬ ಮಾತು ಇದೆ, ನಾನೂ ಒಪ್ಪುತ್ತೇನೆ.

ಡೋಪಿಂಗ್ ಹಗರಣ ಇಲ್ಲೂ ಆಗಿದೆಯಾ?

ಆಗಿದೆ. 2014ರ ಸೋಚಿಯಲ್ಲಿ ರಷ್ಯಾದ ಅಲೆಕ್ಸಾಂಡರ್ ಜುಬ್ಕೋವ್ ಗೆದ್ದ ಎರಡೂ ಚಿನ್ನವನ್ನು ಆಮೇಲೆ ಕಿತ್ತುಕೊಂಡರು. ಇಬ್ಬರ ಚಿನ್ನ ಸ್ವಿಟ್ಜರ್ಲೆಂಡಿಗೆ, ನಾಲ್ವರ ಚಿನ್ನ ಲಾಟ್ವಿಯಾಕ್ಕೆ ಹೋಯಿತು.

ಎಷ್ಟು ಅಪಾಯ?

ಹಳೇ ಕಾಲದಲ್ಲಿ ತುಂಬಾ. ಟ್ರ್ಯಾಕಿನ ಗೋಡೆ ಹಾರಿ ಸ್ಲೆಡ್ ಹೊರಗೆ ಹೋಗುತ್ತಿತ್ತು. 1964ರ ಬೆಳ್ಳಿ ಗೆದ್ದ ಇಟಲಿಯ ಸೆರ್ಜಿಯೊ ಜಾರ್ದಿನಿ 1966ರಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ ಸತ್ತದ್ದು ಓಟದಲ್ಲೇ. 2010ರ ವ್ಯಾಂಕೂವರ್ ಒಲಿಂಪಿಕ್ಸ್ ಉದ್ಘಾಟನೆಯ ದಿನ ವಿಸ್ಲರ್ ಟ್ರ್ಯಾಕ್‌ನಲ್ಲಿ ಜಾರ್ಜಿಯಾದ ಲ್ಯೂಜ್ ಆಟಗಾರ ನೋದಾರ್ ಕುಮಾರಿತಾಷ್ವಿಲಿ ಅಭ್ಯಾಸದ ವೇಳೆ ತೀರಿಕೊಂಡ. ಅದರ ನಂತರ ಸೋಚಿಯ ಟ್ರ್ಯಾಕ್‌ನಲ್ಲಿ ವೇಗ ತಗ್ಗಿಸಲೆಂದೇ ಮೂರು ಕಡೆ ಏರು ಇಟ್ಟರು.

ಈಗ ಹೆಚ್ಚು ಚರ್ಚೆ ಇರುವುದು ಕಣ್ಣಿಗೆ ಕಾಣದ ಗಾಯದ ಬಗ್ಗೆ. ಅಪಘಾತವೇ ಆಗಬೇಕಿಲ್ಲ. ಪ್ರತಿ ಓಟದಲ್ಲೂ ತಲೆ ಗಡಗಡ ಅದುರುತ್ತದೆ. ಓಟದ ನಂತರ ಬರುವ ತಲೆನೋವು, ಮಂಕು ಕವಿದಂತಾಗುವುದನ್ನು ಆಟಗಾರರು 'ಸ್ಲೆಡ್ ಹೆಡ್' ಅನ್ನುತ್ತಾರೆ. ಬಹಳ ವರ್ಷ ಇದನ್ನು ತಲೆಗೆ ಹಾಕಿಕೊಂಡವರಿಲ್ಲ. 2020ರ ಹೊತ್ತಿಗೆ ನಿವೃತ್ತ ಆಟಗಾರರ ಸಾವುಗಳು, ಮಿದುಳಿನ ಕಾಯಿಲೆಗಳು ಸುದ್ದಿಯಾದ ಮೇಲೆ ಮಾತು ಶುರುವಾಯಿತು. ವೇಗಕ್ಕೆ ಮಿತಿ ಹಾಕಿದಂತೆ ಈ ಅದುರಿಗೂ ಏನಾದರೂ ಮಾಡಲೇಬೇಕು. ತಮ್ಮ ಮಕ್ಕಳನ್ನು ಕಳಿಸುವ ಮುಂಚೆ ಅಪ್ಪ ಅಮ್ಮ ಕೇಳುವ ಮೊದಲ ಪ್ರಶ್ನೆ ಇದೇ ಆಗುತ್ತದೆ.

ಒಲಿಂಪಿಕ್ಸ್ ಮುಗಿದ ಮೇಲೆ ಆ ಟ್ರ್ಯಾಕ್‌ಗಳು ಏನಾಗುತ್ತವೆ?

ಬಾಬ್‌ಸ್ಲೇಯ ದೊಡ್ಡ ತಲೆನೋವೇ ಇದು. ಕ್ರೀಡಾಂಗಣ ಕಟ್ಟಿದರೆ ಫುಟ್‌ಬಾಲ್ ಆಡಬಹುದು, ಸಂಗೀತ ಕಾರ್ಯಕ್ರಮ ನಡೆಸಬಹುದು. ಒಂದೂವರೆ ಕಿಲೋಮೀಟರ್ ಉದ್ದದ ಕಾಂಕ್ರೀಟ್ ಕಾಲುವೆಯಲ್ಲಿ ಇನ್ನೇನು ಮಾಡುತ್ತೀರಿ? ಸಾಮಾನ್ಯವಾಗಿ ಅದರ ಮೈಯೊಳಗೆ ಅಮೋನಿಯಾ ಹರಿಯುವ ಕೊಳವೆಗಳಿರುತ್ತವೆ. ತಂಪಾಗಿಡಲು ಕರೆಂಟು ಬೇಕು, ಮಂಜನ್ನು ಕೆತ್ತಿ ನಯ ಮಾಡಲು ನುರಿತ ಜನ ಬೇಕು.

1984ರ ಸರಾಯೆವೊ ಒಲಿಂಪಿಕ್ಸ್‌ನ ಟ್ರ್ಯಾಕ್ 1990ರ ದಶಕದ ಬೋಸ್ನಿಯಾ ಯುದ್ಧದಲ್ಲಿ ಸೈನಿಕರ ಅಡಗುತಾಣವಾಯಿತು. ಈಗ ಕಾಡಿನ ನಡುವೆ ಬಣ್ಣಬಣ್ಣದ ಗೀಚು ಚಿತ್ರಗಳ ಗೋಡೆ. 2006ರ ಟುರಿನ್ ಒಲಿಂಪಿಕ್ಸ್‌ಗೆ ಕಟ್ಟಿದ ಚೆಸಾನಾ ಟ್ರ್ಯಾಕ್ ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿತು. ಜಪಾನಿನ ನಗಾನೊದಲ್ಲಿ 2018ರ ನಂತರ ಮಂಜು ಕಟ್ಟುವುದನ್ನೇ ನಿಲ್ಲಿಸಿದರು.

ಎಲ್ಲಾ ಕಡೆ ಹೀಗೇ ಆಗಿಲ್ಲ. ಲೇಕ್ ಪ್ಲಾಸಿಡ್, ಇನ್ಸ್‌ಬ್ರುಕ್ ಪಕ್ಕದ ಇಗ್ಲ್ಸ್, ಸಾಲ್ಟ್ ಲೇಕ್ ಸಿಟಿಗೆ ಸೇರಿದ ಪಾರ್ಕ್ ಸಿಟಿ, ವಿಸ್ಲರ್ ಇವೆಲ್ಲ ಇವತ್ತಿಗೂ ಓಡುತ್ತಿವೆ. ಗುಟ್ಟೇನಿಲ್ಲ, ಅಲ್ಲಿ ದಿನವೂ ಅಭ್ಯಾಸ ಮಾಡುವ ಆಟಗಾರರಿದ್ದಾರೆ, ದುಡ್ಡು ಕೊಟ್ಟು ಕೂರುವ ಪ್ರವಾಸಿಗರಿದ್ದಾರೆ.

2026ರ ಕೊರ್ಟಿನಾ ಟ್ರ್ಯಾಕ್ ಬಗ್ಗೆ ಅಷ್ಟು ಗಲಾಟೆ ಯಾಕಾಯಿತು?

ಕೊರ್ಟಿನಾದ ಹಳೇ ಟ್ರ್ಯಾಕ್ 2008ರಲ್ಲೇ ಮುಚ್ಚಿತ್ತು. 2026ರ ಮಿಲಾನೊ ಕೊರ್ಟಿನಾ ಒಲಿಂಪಿಕ್ಸ್‌ಗೆ ಹೊಸದು ಕಟ್ಟುವುದು ಬೇಡ, ಪಕ್ಕದ ದೇಶದಲ್ಲಿರುವ ಟ್ರ್ಯಾಕ್ ಬಳಸಿ ಎಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯೇ ಹೇಳಿತು. 2023ರ ಅಕ್ಟೋಬರ್‌ನಲ್ಲಿ ಇಟಲಿಯವರೂ ಸರಿ ಎಂದರು. ಆಮೇಲೆ ಸರ್ಕಾರ ಮನಸ್ಸು ಬದಲಾಯಿಸಿತು. ನಮ್ಮ ಒಲಿಂಪಿಕ್ಸ್ ನಮ್ಮ ನೆಲದಲ್ಲೇ ಆಗಬೇಕು ಎಂಬ ಹಟ. 2024ರ ಫೆಬ್ರವರಿಯಲ್ಲಿ ಕೆಲಸ ಶುರುವಾಯಿತು, ನೂರಾರು ಲಾರ್ಚ್ ಮರಗಳು ಉರುಳಿದವು, ಪರಿಸರದವರು ಪ್ರತಿಭಟಿಸಿದರು. ಖರ್ಚು 10 ಕೋಟಿ ಯೂರೊ ದಾಟಿತು. ಸಮಯಕ್ಕೆ ಮುಗಿಯದಿದ್ದರೆ ಇರಲಿ ಎಂದು ಲೇಕ್ ಪ್ಲಾಸಿಡನ್ನು ಬದಲಿಯಾಗಿ ಇಟ್ಟುಕೊಂಡಿದ್ದರು! 2025ರ ಮಾರ್ಚ್‌ನಲ್ಲಿ ಮೊದಲ ಪರೀಕ್ಷಾ ಓಟಗಳು ನಡೆದವು. ಕೆಲಸಗಾರರ ವೇಗ ಮೆಚ್ಚಲೇಬೇಕು. ಮುಂದಿನ ಇಪ್ಪತ್ತು ವರ್ಷ ಅದನ್ನು ಯಾರು ಸಾಕುತ್ತಾರೆ ಎಂಬುದು ಬೇರೆಯದೇ ಪ್ರಶ್ನೆ.

ಹಾಗಾದರೆ ಮುಂದೇನು? ಬಾಬ್‌ಸ್ಲೇ ಒಲಿಂಪಿಕ್ಸ್‌ನಿಂದ ಹೊರಗೆ ಹೋಗುತ್ತಾ?

ಹತ್ತಿರದಲ್ಲಂತೂ ಇಲ್ಲ. 2030ರ ಒಲಿಂಪಿಕ್ಸ್ ಫ್ರೆಂಚ್ ಆಲ್ಪ್ಸ್‌ನಲ್ಲಿ. ಅಲ್ಲಿ 1992ಕ್ಕೆ ಕಟ್ಟಿದ ಲಾ ಪ್ಲಾನ್ಯ ಟ್ರ್ಯಾಕ್ ಇದೆ. 2034 ಸಾಲ್ಟ್ ಲೇಕ್‌ಗೆ, ಅಲ್ಲಿ ಪಾರ್ಕ್ ಸಿಟಿ ಇದೆ. ಎರಡು ಕೂಟಗಳಿಗೆ ಹೊಸ ಟ್ರ್ಯಾಕ್ ಚಿಂತೆಯೇ ಇಲ್ಲ. ಇನ್ನು ಮುಂದೆ ಹೀಗೇ ಆಗಬೇಕು ಎಂಬುದು ನನ್ನ ಅಭಿಪ್ರಾಯ. ಟ್ರ್ಯಾಕ್ ಇಲ್ಲದ ದೇಶಕ್ಕೆ ಒಲಿಂಪಿಕ್ಸ್ ಸಿಕ್ಕರೆ ಬಾಬ್‌ಸ್ಲೇಯನ್ನು ಪಕ್ಕದ ದೇಶದಲ್ಲಿ ನಡೆಸಲಿ. ಅದರಿಂದ ಯಾರ ಮಾನವೂ ಹೋಗುವುದಿಲ್ಲ.

ಹವಾಮಾನದ ಚಿಂತೆ ಬೇರೆ ಇದೆ. 1960ರ ದಶಕದ ಕೊನೆಯಲ್ಲಿ ಕೋನಿಗ್‌ಸೀಯಲ್ಲಿ ಯಂತ್ರದಿಂದ ಮಂಜು ಕಟ್ಟುವ ಮೊದಲ ಟ್ರ್ಯಾಕ್ ಬಂದಾಗ, ಇನ್ನು ಹವಾಮಾನದ ಹಂಗಿಲ್ಲ ಅಂದುಕೊಂಡಿದ್ದರು. 2021ರ ಜುಲೈನಲ್ಲಿ ಸುರಿದ ಭಾರೀ ಮಳೆಗೆ ಕೊಚ್ಚಿ ಬಂದ ನೀರು, ಮಣ್ಣು, ಕಲ್ಲು ಅದೇ ಟ್ರ್ಯಾಕನ್ನು ಸೀಳಿ ಹಾಕಿದವು. ಇತ್ತ ಸೇಂಟ್ ಮೊರಿಟ್ಜ್ ಟ್ರ್ಯಾಕ್‌ಗೆ ಯಂತ್ರವೂ ಬೇಡ, ಕಾಂಕ್ರೀಟೂ ಬೇಡ. ಆದರೆ ಚಳಿ ಬೇಕು. ಚಳಿಗಾಲ ಚಿಕ್ಕದಾದಷ್ಟೂ ಅದರ ಋತು ಚಿಕ್ಕದಾಗುತ್ತದೆ.

ಆಟದೊಳಗೂ ಬದಲಾವಣೆ ಬೇಕಿದೆ. ಸ್ಲೆಡ್ ಖರ್ಚಿಗೆ ಕಡಿವಾಣ ಹಾಕುವುದು ಮೊದಲನೆಯದು. ಮೊನೊಬಾಬ್ ಮಾದರಿಯನ್ನು ಇಬ್ಬರ ಸ್ಪರ್ಧೆಗೂ ತಂದರೆ ಪೈಪೋಟಿ ಹೆಚ್ಚುತ್ತದೆ. ದೊಡ್ಡ ತಂಡಗಳು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ, ಅದೂ ಗೊತ್ತಿರುವ ವಿಷಯವೇ.

ಅಂಗವಿಕಲರಿಗೆ ಬಾಬ್‌ಸ್ಲೇ ಇದೆಯಾ?

ಇದೆ. ಪ್ಯಾರಾ ಬಾಬ್‌ಸ್ಲೇಯಲ್ಲಿ ಒಬ್ಬರೇ ಕೂತು ಓಡಿಸುತ್ತಾರೆ. ತಳ್ಳಾಟ ಇಲ್ಲ, ಎಲ್ಲರ ಸ್ಲೆಡ್ಡನ್ನೂ ಒಂದೇ ರೀತಿ ಬಿಡುತ್ತಾರೆ. ಹಾಗಾಗಿ ಇಲ್ಲಿ ಓಡಿಸುವ ಕೈಚಳಕವೇ ಎಲ್ಲ. ವಿಶ್ವಕಪ್, ವಿಶ್ವ ಚಾಂಪಿಯನ್‌ಷಿಪ್ ನಡೆದಿವೆ. 2026ರವರೆಗಿನ ಯಾವ ಪ್ಯಾರಾಲಿಂಪಿಕ್ಸ್‌ನಲ್ಲೂ ಜಾಗ ಸಿಕ್ಕಿಲ್ಲ.

ಮಂಜೇ ಇಲ್ಲದ ಕಡೆ ಇರುವವರು ಕಲಿಯೋದು ಹೇಗೆ?

ಮೊದಲು ಓಡುವುದನ್ನು ಕಲಿಯಿರಿ. ತಮಾಷೆಯಲ್ಲ. 30 ಮೀಟರ್ ಓಟ, ನಿಂತಲ್ಲಿಂದ ಜಿಗಿತ, ಭಾರ ಎತ್ತುವುದು, ತಂಡಗಳು ಆಯ್ಕೆಯಲ್ಲಿ ನೋಡುವುದು ಇಂಥವನ್ನೇ. ಆಮೇಲೆ ಚಕ್ರ ಕಟ್ಟಿದ ಸ್ಲೆಡ್ಡನ್ನು ಹಳಿಯ ಮೇಲೆ ತಳ್ಳುವ ಅಭ್ಯಾಸ. ಇದಕ್ಕೆ ಮಂಜು ಬೇಡ, ಬೇಸಿಗೆಯಲ್ಲೂ ನಡೆಯುತ್ತದೆ. ಮೊನಾಕೊದಂಥ ಹಿಮವಿಲ್ಲದ ಜಾಗದಲ್ಲೂ ತಳ್ಳುವ ಸ್ಪರ್ಧೆ ನಡೆಯುತ್ತದೆ. ಅಲ್ಲಿನ ದೊರೆ ಆಲ್ಬರ್ಟ್ 1988ರಿಂದ 2002ರವರೆಗೆ ಐದು ಒಲಿಂಪಿಕ್ಸ್‌ನಲ್ಲಿ ಬಾಬ್‌ಸ್ಲೇ ಓಡಿಸಿದವರು.

ಪೈಲಟ್ ಆಗಬೇಕು ಅಂದರೆ ಟ್ರ್ಯಾಕ್ ಇರುವ ಊರಿಗೆ ಹೋಗಲೇಬೇಕು. ಅಲ್ಲಿ ಹೊಸಬರನ್ನು ಮೇಲಿನಿಂದ ಬಿಡುವುದಿಲ್ಲ. ಟ್ರ್ಯಾಕಿನ ನಡುವೆಯೋ ಕೆಳಗೋ ಇರುವ ಜಾಗದಿಂದ ಶುರು ಮಾಡಿಸಿ, ಕೈ ಪಳಗಿದಂತೆ ಮೇಲಕ್ಕೆ ಕರೆದೊಯ್ಯುತ್ತಾರೆ. ಸುಮ್ನೆ ಒಮ್ಮೆ ಅನುಭವಿಸಿದರೆ ಸಾಕು ಅನ್ನುವವರಿಗೆ ಸೇಂಟ್ ಮೊರಿಟ್ಜ್, ಇಗ್ಲ್ಸ್, ಪಾರ್ಕ್ ಸಿಟಿಯಂಥ ಕಡೆ ನುರಿತ ಪೈಲಟ್ ಹಿಂದೆ ಕೂತು ಇಳಿಯುವ ವ್ಯವಸ್ಥೆ ಇದೆ. ಬೆನ್ನು, ಕುತ್ತಿಗೆ ತೊಂದರೆ ಇರುವವರನ್ನು, ಗರ್ಭಿಣಿಯರನ್ನು ಹತ್ತಿಸುವುದಿಲ್ಲ.